ಮಲೆನಾಡಿನ ಮಳೆಗೂ ಚಾವಣಿಗೆ ಹಾಕುವ ಗ್ಯಾಲ್ವಲ್ಯೂಮ್ ಶೀಟಿಗೆ ಬೇಗ ತುಕ್ಕು ಹಿಡಿಯುವುದಿಲ್ಲ, ಯಾಕೆ?

ಅದರ ಉಕ್ಕಿನ ಮೇಲಿರುವುದು ಬರೀ ಸತುವಲ್ಲ, ಅಲ್ಯೂಮಿನಿಯಂ ಬೆರೆತ ಲೇಪ. ತೂಕದಲ್ಲಿ ಸುಮಾರು 55% ಅಲ್ಯೂಮಿನಿಯಂ, 43.4% ಸತು, ಉಳಿದದ್ದು ಸಿಲಿಕಾನ್. ಗಾಳಿ ತಾಗಿದ ಕೂಡಲೇ ಅಲ್ಯೂಮಿನಿಯಂ ಮೇಲೆ ತೆಳುವಾದ ಗಟ್ಟಿ ಪೊರೆ ಕಟ್ಟುತ್ತದೆ. ಆಗುಂಬೆ ಕಡೆಯ ಮಳೆಗೂ ಅದು ಸುಲಭವಾಗಿ ಜಗ್ಗುವುದಿಲ್ಲ. ಬರೀ ಸತುವಾದರೆ ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಸವೆದು ಹೋಗುತ್ತದೆ.

ಹಾಗಾದರೆ ಸತು ಯಾಕೆ ಬೇಕು, ಅಲ್ವಾ? ಸ್ಕ್ರೂ ಹೊಡೆದ ತೂತು, ಕತ್ತರಿಸಿದ ಅಂಚು ನೋಡಿ. ಅಲ್ಲಿ ಉಕ್ಕು ಬರಿಮೈಯಲ್ಲಿರುತ್ತದೆ. ಪಕ್ಕದ ಸತು ಉಕ್ಕಿಗಿಂತ ಮೊದಲು ತಾನೇ ಸವೆದು ಅದನ್ನು ಕಾಯುತ್ತದೆ.

ದನದ ಕೊಟ್ಟಿಗೆಗೆ ಮಾತ್ರ ದಯವಿಟ್ಟು ಇದನ್ನು ಹಾಕಿಸಬೇಡಿ. ಗಂಜಲದಿಂದ ಏಳುವ ಅಮೋನಿಯಾ ಆ ಲೇಪವನ್ನೇ ತಿನ್ನುತ್ತದೆ. ಹಸಿ ಸಿಮೆಂಟ್ ತಾಗಿದರೂ ಅಷ್ಟೇ, ಬಿದ್ದ ಕೂಡಲೇ ತೊಳೆದುಬಿಡಿ.