ಕೌದಿಯ ಮೊದಲ ಒಗೆತ

ಓದುಗರೊಬ್ಬರ ಪತ್ರ: ‘ಹಳೆಯ ಹತ್ತಿ ಬಟ್ಟೆ ಮತ್ತು ಜೀನ್ಸ್ ಚೂರುಗಳನ್ನು ಚೌಕ ಮಾಡಿ, ಹೊಲಿಗೆಯ ಅಂಚು ಮೇಲೆ ಕಾಣುವಂಥ ಕೌದಿ ಹೊಲಿದೆ. ಎಳೆ ಬಿಡಲೆಂದು ಅಂಚಿಗೆಲ್ಲ ಕತ್ತರಿ ಹಾಕಿ ಒಗೆಯುವ ಯಂತ್ರಕ್ಕೆ ಹಾಕಿದರೆ, ನೀರು ಹೊರಗೇ ಹೋಗಲಿಲ್ಲ. ಎರಡು ಕಡೆ ಹೊಲಿಗೆ ಬಿಟ್ಟಿದೆ. ಕೆಂಪು ಚೌಕದ ಬಣ್ಣ ಬಿಳಿಗೆ ಹತ್ತಿದೆ. ಎರಡು ದಿನ ತಂತಿಯ ಮೇಲಿದ್ದರೂ ಮುಗ್ಗಲು ವಾಸನೆ. ಎಲ್ಲಿ ತಪ್ಪಿದೆ?’

ಉತ್ತರ: ಬಣ್ಣದಿಂದ ಶುರು ಮಾಡೋಣ, ತಡವಾದಷ್ಟೂ ಕೆಡುವುದು ಅದೇ. ಕೌದಿಗೆ ಇಸ್ತ್ರಿಯ ಅಥವಾ ಡ್ರೈಯರಿನ ಬಿಸಿ ತಾಗದಿದ್ದರೆ ಕಲೆ ಹೋಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಕೌದಿ ಸಡಿಲವಾಗಿ ತೇಲಾಡುವಷ್ಟು ದೊಡ್ಡ ಟಬ್ಬಿನಲ್ಲಿ ಬೆಚ್ಚಗಿನ ನೀರು ತುಂಬಿ, ದ್ರವ ಸೋಪು ಬೆರೆಸಿ ಪೂರ್ತಿ ಮುಳುಗಿಸಿ. ನೀರು ಬಣ್ಣ ತಿರುಗಿದಾಗೆಲ್ಲ ಬದಲಿಸಿ, ತಿಳಿ ಬರುವವರೆಗೂ. ಸಣ್ಣ ಬಕೆಟ್ಟಿಗೆ ತುರುಕಿದರೆ ಬಿಟ್ಟ ಬಣ್ಣ ಮತ್ತೆ ಬಟ್ಟೆಗೇ ಕೂರುತ್ತದೆ. ಒದ್ದೆ ಕೌದಿಯನ್ನು ಮಡಚಿ ಗುಡ್ಡೆ ಹಾಕಿಟ್ಟರೂ ಅಷ್ಟೇ. ಉಪ್ಪು ಅಥವಾ ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಬೇಡಿ. ಈಗಾಗಲೇ ಬಣ್ಣ ಬಿಡುತ್ತಿರುವ ಹತ್ತಿಗೆ ಅವುಗಳಿಂದ ಉಪಯೋಗವಿಲ್ಲ. ಬ್ಲೀಚ್ ಅಂತೂ ಬೇಡವೇ ಬೇಡ. ಅದು ಕಲೆಯ ಜೊತೆಗೆ ಕೆಂಪು ಚೌಕವನ್ನೂ ಮಂಕು ಮಾಡಿ, ನೂಲಿನ ಕಸುವನ್ನೂ ತಿನ್ನುತ್ತದೆ. ಮುಂದಿನ ಸಲ ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳನ್ನು ಹೊಲಿಯುವ ಮೊದಲೇ ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿ.

ನೀರು ನಿಂತದ್ದು ಎಳೆಗಳಿಂದ. ಕತ್ತರಿಸಿದ ಅಂಚಿನಲ್ಲಿ ಅಡ್ಡ ನಿಂತ ನೂಲುಗಳು ಜೂಲಾಗಿ ಉಳಿಯುತ್ತವೆ, ಅಂಚಿನುದ್ದಕ್ಕೂ ಮಲಗಿದ ನೂಲುಗಳು ಜಾರಿ ಉದುರುತ್ತವೆ. ನಿಮಗೆ ಬೇಕಾದ ಜೂಲಿನ ಅಂದಕ್ಕೆ ಈ ಉದುರುವಿಕೆಯೇ ಮೂಲ, ಹಾಗಾಗಿ ತಪ್ಪಿಸಲಾಗದು. ಹೆಚ್ಚಿನ ಪಾಲು ಮೊದಲ ಎರಡು ಮೂರು ಒಗೆತದಲ್ಲೇ ಬಂದುಬಿಡುತ್ತದೆ. ಅಷ್ಟನ್ನೂ ಯಂತ್ರಕ್ಕೆ ಕುಡಿಸಬಾರದು. ಬಯಲಿನಲ್ಲಿ ಜೋರಾಗಿ ಕೊಡವಿ, ಟಬ್ಬಿನಲ್ಲಿ ಒಂದೆರಡು ಸಲ ಕೈಯಿಂದ ಜಾಲಿಸಿ, ಆ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ ಚೆಲ್ಲಿ. ಇಲ್ಲದಿದ್ದರೆ ಬಚ್ಚಲ ಕೊಳವೆ ಕಟ್ಟಿಕೊಳ್ಳುತ್ತದೆ. ಆಮೇಲೆ ಯಂತ್ರ, ಅದೂ ಡ್ರಮ್ಮಿನ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬದಿದ್ದರೆ ಮಾತ್ರ. ತಣ್ಣೀರು, ಮೆಲ್ಲಗಿನ ಸುತ್ತು, ಮಾಮೂಲಿಗಿಂತ ಕಡಿಮೆ ದ್ರವ ಸೋಪು. ಪುಡಿಯಾದರೆ ಪದರಗಳ ನಡುವೆ ಕರಗದೆ ಉಳಿಯಬಹುದು. ಈಗ ಕಟ್ಟಿರುವ ಯಂತ್ರಕ್ಕೆ: ಪ್ಲಗ್ ಕಿತ್ತು, ಕೆಳಗೆ ಅಗಲ ತಟ್ಟೆಯಿಟ್ಟು, ಪಂಪಿನ ಫಿಲ್ಟರನ್ನು ನಿಧಾನಕ್ಕೆ ತಿರುಗಿಸಿ ತೆಗೆದು ಎಳೆ ಬಿಡಿಸಿ.

ಹೊಲಿಗೆ ಬಿಟ್ಟಲ್ಲಿ ಹತ್ತಿರದಿಂದ ನೋಡಿ. ಬಹುಪಾಲು ಕತ್ತರಿಯ ತುದಿ ದಾರಕ್ಕೆ ತಾಗಿರುತ್ತದೆ. ಕಾಲು ಅಥವಾ ಅರ್ಧ ಇಂಚಿಗೊಂದು ಕಚ್ಚು ಸಾಕು, ಹೊಲಿಗೆಗೆ ಇನ್ನೂ ಇಂಚಿನ ಎಂಟನೇ ಒಂದು ಪಾಲು ಇರುವಾಗಲೇ ಕತ್ತರಿ ನಿಲ್ಲಬೇಕು. ನಾಲ್ಕು ಚೌಕ ಸೇರುವ ದಪ್ಪ ಮೂಲೆಗಳಲ್ಲಿ ಕೈ ಜಾರುವುದು ಜಾಸ್ತಿ. ಬಿಟ್ಟ ಜಾಗದ ಎರಡೂ ಕಡೆ ಅರ್ಧರ್ಧ ಇಂಚು ಹೆಚ್ಚಿಗೆ ಹಿಡಿದು, ಹಳೆಯ ಗೆರೆಗಿಂತ ಎಂಟನೇ ಒಂದು ಇಂಚು ಒಳಕ್ಕೆ ಮತ್ತೆ ಹೊಲಿಯಿರಿ. ಇದು ಬಣ್ಣ ತೆಗೆಯಲು ನೆನೆಸುವ ಮೊದಲೇ ಆಗಬೇಕು. ನೆನೆದ ಹತ್ತಿ ತನ್ನಷ್ಟೇ ತೂಕದ ನೀರನ್ನು ಸುಲಭವಾಗಿ ಹಿಡಿಯುತ್ತದೆ: ಮೂರು ಕಿಲೋ ಕೌದಿ ಆರು ಕಿಲೋ ದಾಟುತ್ತದೆ. ಒಂದು ಮೂಲೆ ಹಿಡಿದು ಎತ್ತಿದರೆ ಆ ಭಾರವೆಲ್ಲ ನಾಲ್ಕಾರು ಹೊಲಿಗೆಗಳ ಮೇಲೆ. ಅಡಿಯಿಂದ ಎರಡು ಕೈ ಕೊಟ್ಟು, ಮಗುವನ್ನು ಎತ್ತುವಂತೆ ಎತ್ತಿ. ತಿರುಚಿ ಹಿಂಡಬೇಡಿ; ಟವೆಲಿನಲ್ಲಿ ಸುತ್ತಿ ಒತ್ತಿ.

ವಾಸನೆಗೆ ಕಾರಣ ಜೀನ್ಸ್. ತೆಳು ಚೌಕಗಳು ಒಣಗಿ ಗರಿಗರಿಯಾದರೂ ಜೀನ್ಸಿನ ಅಂಚುಗಳಲ್ಲಿ ಪಸೆ ಉಳಿದಿರುತ್ತದೆ. ತಂತಿಯ ಮೇಲೆ ಎರಡಾಗಿ ಮಡಚಿ ಹಾಕಿದರೆ ಒಳಮೈಗೆ ಗಾಳಿಯೇ ಸಿಗದು. ಎರಡು ಮೂರು ಅಡಿ ಅಂತರದ ಎರಡು ತಂತಿಗಳ ಮೇಲೆ ಹಾಸಿದಂತೆ ಹರವಿ, ಬೆನ್ನು ಮೇಲಾಗಿರಲಿ, ಬಿಸಿಲಿಗೆ ಬಣ್ಣ ಮಾಸುವುದು ತಪ್ಪುತ್ತದೆ. ಎರಡು ತಾಸಿಗೊಮ್ಮೆ ಜರುಗಿಸಿ. ಅರೆ ಒಣಗಿದಾಗ ಒಮ್ಮೆ ಬಲವಾಗಿ ಕೊಡವಿದರೆ ಜೂಲು ಬಿಡಿಸಿಕೊಂಡು ನಿಲ್ಲುತ್ತದೆ. ಆಗ ಕೊಡವದೆ ಬಿಟ್ಟರೆ ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ. ಡ್ರೈಯರ್ ಇದ್ದವರಿಗೆ ಜೂಲು ಇನ್ನೂ ಮೆತ್ತಗೆ ಬರುತ್ತದೆ, ನಿಜ. ಆದರೆ ಕಲೆ ಪೂರ್ತಿ ಹೋಗುವವರೆಗೆ ನೀವು ಅದರ ತಂಟೆಗೆ ಹೋಗಬೇಡಿ. ಆಮೇಲೆ ಹಾಕುವಾಗಲೂ ಮೊದಲ ಸಲ ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿಸಿ ಜಾಲರಿಯ ಎಳೆ ತೆಗೆಯಲೇಬೇಕು, ಅಲ್ಲಿ ಕೂಡುವ ನೂಲು ಬೆಂಕಿಗೆ ಆಹಾರ.

ಒಣಗಿತೋ ಇಲ್ಲವೋ ತಿಳಿಯಲು ಜೀನ್ಸಿನ ದಪ್ಪ ಮೂಲೆಯನ್ನು ಅಂಗೈಯಲ್ಲಿ ಒತ್ತಿ ಹಿಡಿಯಿರಿ. ತಣ್ಣಗೆ ಅನ್ನಿಸಿದರೆ ಇನ್ನೂ ಮಡಚುವ ಹೊತ್ತಾಗಿಲ್ಲ.