ಉಪ್ಪು ತಿಂದ ಕಾರಿಗೆ ನೀರು ಕುಡಿಸಿ

ಪ್ರಶ್ನೆ: ಮೈಸೂರಿನಿಂದ ಡೆಟ್ರಾಯಿಟ್‌ಗೆ ಬಂದ ನಮಗೆ ಇದು ಮೊದಲ ಚಳಿಗಾಲ. ಹಿಮ ಬಿದ್ದಾಗಲೆಲ್ಲ ಅದು ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಎರಡೇ ದಿನಗಳಲ್ಲಿ ನಮ್ಮ ಕಪ್ಪು ಕಾರು ವಿಭೂತಿ ಬಳಿದಂತಾಗುತ್ತದೆ. ಈ ಚಳಿಯಲ್ಲಿ ತೊಳೆದರೆ ನೀರು ಹೆಪ್ಪುಗಟ್ಟಿ ಬಾಗಿಲು ಅಂಟಿಕೊಳ್ಳುತ್ತದೆಂದು ಕೆಲವರು, ತೊಳೆಯದಿದ್ದರೆ ತುಕ್ಕು ಹಿಡಿಯುತ್ತದೆಂದು ಕೆಲವರು ಹೇಳುತ್ತಾರೆ. ಹೀಟರ್ ಇರುವ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಸಾಲದೇ?
– ಓದುಗರೊಬ್ಬರು, ಮಿಷಿಗನ್

ಉತ್ತರ: ಎರಡೂ ಮಾತು ನಿಜ. ಆದರೆ ಅಂಟಿಕೊಂಡ ಬಾಗಿಲನ್ನು ಬಿಡಿಸಬಹುದು, ತುಕ್ಕು ತಿಂದ ಬ್ರೇಕ್ ಪೈಪನ್ನು ಬದಲಾಯಿಸದೆ ಗತಿಯಿಲ್ಲ. ಆದ್ದರಿಂದ ತೊಳೆಯುವುದೇ ಲೇಸು. ನಿಮ್ಮ ನಗರದ ಅಡಿಯಲ್ಲಿಯೇ, ಸುಮಾರು 1,200 ಅಡಿ ಆಳದಲ್ಲಿ, ಉಪ್ಪಿನ ಗಣಿಯಿರುವುದರಿಂದ ಅಲ್ಲಿ ಉಪ್ಪಿಗೆ ಬರವಿಲ್ಲ. ಉಷ್ಣತೆ ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಸಾಮಾನ್ಯ ಉಪ್ಪಿನ ಪ್ರಭಾವ ಕುಗ್ಗುವ ಕಾರಣ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕ್ಲೋರೈಡ್ ಬಳಸುವುದುಂಟು. ಇವು ಗಾಳಿಯ ತೇವವನ್ನೇ ಹೀರಿಕೊಂಡು ಲೋಹದ ಮೇಲೆ ಒದ್ದೆಯಾಗಿಯೇ ಉಳಿಯುತ್ತವೆ.

ಹೀಟರಿನ ವಿಚಾರದಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. ಕೊರೆಯುವ ಚಳಿಯಲ್ಲಿ ತುಕ್ಕಿನ ಕ್ರಿಯೆ ನಿಧಾನವಾಗಿರುತ್ತದೆ. ಬೆಚ್ಚಗಿನ ಗ್ಯಾರೇಜಿನಲ್ಲಿ ಕಾರಿಗೆ ಅಂಟಿದ ಹಿಮ ಕರಗಿ, ಉಪ್ಪುನೀರು ಸಂದುಗೊಂದಿಗಳಿಗೆ ಇಳಿದು, ಅದೇ ಕ್ರಿಯೆ ಚುರುಕಾಗುತ್ತದೆ. ತೊಳೆಯದ ಕಾರನ್ನು ಬೆಚ್ಚಗಿಡುವುದಕ್ಕಿಂತ ಹೊರಗಿನ ಚಳಿಯಲ್ಲಿ ಬಿಡುವುದೇ ಮೇಲು.

ಹತ್ತು ಹದಿನೈದು ದಿನಗಳಿಗೊಮ್ಮೆ, ಉಷ್ಣತೆ ಸೊನ್ನೆಗಿಂತ ಮೇಲೇರಿದ ಮಧ್ಯಾಹ್ನವನ್ನು ನೋಡಿಕೊಂಡು, ಅಡಿಭಾಗಕ್ಕೂ ನೀರು ಚಿಮ್ಮಿಸುವ ಕಾರ್ ವಾಶ್‌ಗೆ ಕೊಂಡೊಯ್ಯಿರಿ. ಮೈ ಹೊಳೆಯುವುದು ಮುಖ್ಯವಲ್ಲ, ಹೊಟ್ಟೆ ತೊಳೆಯಬೇಕು. ಚಕ್ರದ ಮೇಲಿನ ಕಮಾನಿನ ಒಳ ಅಂಚಿನಲ್ಲಿ ಒಮ್ಮೆ ಬೆರಳಾಡಿಸಿದರೆ ಮರಳು, ಮಣ್ಣು, ಉಪ್ಪು ಬೆರೆತ ಬೂದುಬಣ್ಣದ ಕೆಸರು ಸಿಗುತ್ತದೆ. ಮೊದಲು ಹೋಗಬೇಕಾದದ್ದು ಅದು. ಮೈಮೇಲಿನ ಬಿಳಿಪುಡಿಯನ್ನು ಒಣಬಟ್ಟೆಯಿಂದ ಒರೆಸಲೇಬೇಡಿ, ಪೇಂಟಿನ ಮೇಲೆ ಗೀರು ಬೀಳುತ್ತದೆ. ಪಾತ್ರೆ ತೊಳೆಯುವ ಸೋಪು ಪೇಂಟಿನ ಮೇಲೆ ಹಚ್ಚಿದ ವ್ಯಾಕ್ಸನ್ನು (ಮೇಣವನ್ನು) ಕಿತ್ತುಹಾಕುವುದರಿಂದ ಅದೂ ಬೇಡ.

ತೊಳೆದ ಕೂಡಲೇ ಬಾಗಿಲಂಚಿನ ರಬ್ಬರನ್ನು ಒಣಬಟ್ಟೆಯಿಂದ ಒತ್ತಿ ಒರೆಸಿ, ಸಿಲಿಕೋನ್ ಎಣ್ಣೆ ಸವರಿ, ಎಲ್ಲ ಬಾಗಿಲುಗಳನ್ನೂ ಡಿಕ್ಕಿಯನ್ನೂ ನಾಲ್ಕೈದು ಸಲ ತೆಗೆದು ಮುಚ್ಚಿದರೆ ಅಂಟಿಕೊಳ್ಳುವ ಭಯ ಬಹುಮಟ್ಟಿಗೆ ತಪ್ಪುತ್ತದೆ. ಹೆಪ್ಪುಗಟ್ಟಿದ ಗಾಜಿಗೆ ಬಿಸಿನೀರು ಸುರಿಯಬೇಡಿ, ಗಾಜು ಸೀಳೀತು.

ಪ್ರಶ್ನೆ: ವ್ಯಾಕ್ಸ್ ಹಚ್ಚಿದರೆ ತುಕ್ಕು ತಡೆಯಬಹುದೇ?
– ಓದುಗರೊಬ್ಬರು, ಟೊರಾಂಟೊ

ಉತ್ತರ: ವ್ಯಾಕ್ಸ್ ಕಾಯುವುದು ಪೇಂಟನ್ನು ಮಾತ್ರ, ಅದನ್ನು ಹಿಮ ಬೀಳುವ ಮುನ್ನವೇ ಹಚ್ಚಬೇಕು. ಅಡಿಭಾಗಕ್ಕೆ ಪ್ರತಿವರ್ಷ ಚಳಿಗಾಲಕ್ಕೆ ಮುಂಚೆ ಎಣ್ಣೆಯಂಥ ಲೇಪನವನ್ನೋ, ಕುರಿಯ ಉಣ್ಣೆಯಿಂದ ದೊರೆಯುವ ಲ್ಯಾನೋಲಿನ್ ಲೇಪನವನ್ನೋ ಸಿಂಪಡಿಸಿಸುವುದು ಒಳ್ಳೆಯದು. ಗಟ್ಟಿಯಾಗುವ ಕಪ್ಪು ರಬ್ಬರ್ ಲೇಪನವನ್ನು ಹಳೆಯ ಕಾರಿಗೆ ನಾನು ಸೂಚಿಸುವುದಿಲ್ಲ. ಅದು ಬಿರುಕುಬಿಟ್ಟರೆ ಒಳಗೆ ನೀರು ಸೇರಿ, ಮೇಲೆ ಏನೂ ಕಾಣದಂತೆ ತಗಡು ಸವೆಯುತ್ತದೆ. ಯಾವುದೇ ಲೇಪನವಾಗಲಿ, ಬಾಗಿಲಿನ ತಳದಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳು ಮುಚ್ಚಿಕೊಳ್ಳಬಾರದು. ಬ್ರೇಕ್ ಡಿಸ್ಕಿಗೂ ಸೈಲೆನ್ಸರಿಗೂ ತಾಗಬಾರದು. ಕೆಲಸ ಮಾಡುವವರಿಗೆ ಇದನ್ನು ಮುಂಚಿತವಾಗಿಯೇ ಹೇಳಿಬಿಡಿ.