ಅಡುಗೆಮನೆ ಪ್ರಶ್ನೋತ್ತರ: ಅಳತೆ ಬಿಟ್ಟು ಹದ ಹಿಡಿಯುವುದು

ಪ್ರಶ್ನೆ: ಬರೆದಿಟ್ಟ ಅಳತೆಯಲ್ಲೇ ಸಾರು ಮಾಡುತ್ತೇನೆ. ಆದರೂ ಒಂದು ದಿನ ಚೆನ್ನಾಗಿರುತ್ತದೆ, ಇನ್ನೊಂದು ದಿನ ಸಪ್ಪೆ. ಕೈ ಅಂದಾಜಿನಲ್ಲಿ ಮಾಡಲು ಕಲಿಯುವುದು ಹೇಗೆ?
– ಓದುಗರು, ತುಮಕೂರು

ಉತ್ತರ: ಅಳತೆ ಅದೇ ಇದ್ದರೂ ಸಾಮಾನು ಅದೇ ಇರುವುದಿಲ್ಲ. ಹೊಸ ಹುಣಸೆಹಣ್ಣಿನ ಹುಳಿಯೇ ಬೇರೆ, ಕಪ್ಪಗಾದ ಹಳೆಯದರ ಹುಳಿಯೇ ಬೇರೆ. ಒಂದು ಚಮಚ ಕಲ್ಲುಪ್ಪು ಅಷ್ಟೇ ಪುಡಿಯುಪ್ಪಿಗಿಂತ ಕಡಿಮೆ ತೂಗುತ್ತದೆ. ಆದ್ದರಿಂದ ಒಂದು ಅಂದಾಜು ಮಾತ್ರ ನೆನಪಿಟ್ಟುಕೊಳ್ಳಿ: ಒಂದು ಲೀಟರ್ ಸಾರಿಗೆ ಅರ್ಧ ಕಪ್ ತೊಗರಿಬೇಳೆ, ಸಣ್ಣ ನಿಂಬೆ ಗಾತ್ರದ ಹುಣಸೆ, ಎರಡು ಟೀ ಚಮಚ ಸಾರಿನಪುಡಿ, ಸುಮಾರು 10 ಗ್ರಾಂ ಪುಡಿಯುಪ್ಪು (ಎರಡು ಟೀ ಚಮಚಕ್ಕೆ ತುಸು ಕಡಿಮೆ). ಉಪ್ಪು, ಹುಳಿ ಎರಡನ್ನೂ ಮೊದಲು ಮುಕ್ಕಾಲು ಪಾಲು ಹಾಕಿ. ಉಳಿದದ್ದು ನಾಲಿಗೆಗೆ ಬಿಟ್ಟದ್ದು.

ಸಪ್ಪೆ ಎನಿಸಿದ ಕೂಡಲೇ ಹಲವರು ಇನ್ನಷ್ಟು ಪುಡಿ ಸುರಿಯುತ್ತಾರೆ. ಆಗ ಖಾರ ಏರುತ್ತದೆ, ಸಾರು ಒರಟಾಗುತ್ತದೆ, ಸಪ್ಪೆ ಹಾಗೇ ಉಳಿಯುತ್ತದೆ. ಬದಲಿಗೆ ಮೂರು ಬಟ್ಟಲಿಗೆ ಒಂದೊಂದು ಸೌಟು ಸಾರು ಹಾಕಿ. ಒಂದಕ್ಕೆ ಎರಡು ಹರಳು ಉಪ್ಪು, ಇನ್ನೊಂದಕ್ಕೆ ನಾಲ್ಕು ಹನಿ ಹುಣಸೆರಸ, ಮತ್ತೊಂದಕ್ಕೆ ಕಡಲೆಕಾಳಿನಷ್ಟು ಬೆಲ್ಲ ಬೆರೆಸಿ ರುಚಿ ನೋಡಿ. ಯಾವ ಬಟ್ಟಲಿನದು ರುಚಿಗಟ್ಟಿತೋ ಸಾರಿಗೆ ಬೇಕಾದದ್ದು ಅದೇ. ಬಹುತೇಕ ಸಲ ಅದು ಉಪ್ಪೇ. ಕುದಿಯುವ ಸಾರನ್ನು ನೇರ ಬಾಯಿಗೆ ಹಾಕಿಕೊಳ್ಳಬೇಡಿ, ಸುಟ್ಟ ನಾಲಿಗೆಗೆ ರುಚಿ ತಿಳಿಯದು. ಹತ್ತು ದಿನ ಹೀಗೆ ಮಾಡಿದರೆ ಬಟ್ಟಲುಗಳ ಅಗತ್ಯವೇ ಬೀಳುವುದಿಲ್ಲ.

ಎಷ್ಟು ಹಾಕಿದಿರಿ ಎಂಬುದಕ್ಕಿಂತ ಯಾವಾಗ ಹಾಕಿದಿರಿ ಎಂಬುದು ಹೆಚ್ಚು ಮುಖ್ಯ. ಹುಣಸೆರಸ ಹಸಿ ವಾಸನೆ ಹೋಗುವವರೆಗೆ, ಏಳೆಂಟು ನಿಮಿಷ, ಮೊದಲೇ ಕುದಿಯಬೇಕು. ಆಮೇಲೆ ಬೆಂದ ಬೇಳೆ, ಪುಡಿ. ಪುಡಿ ಬಿದ್ದ ಮೇಲೆ ಮೂರ್ನಾಲ್ಕು ನಿಮಿಷ ಸಾಕು. ಇನ್ನೂ ಕುದಿಸಿದರೆ ಮನೆಯೆಲ್ಲ ಘಮ್ಮೆನ್ನುತ್ತದೆ ನಿಜ, ಆದರೆ ಆ ಘಮ ತಪ್ಪಲೆ ಬಿಟ್ಟು ಹೋದದ್ದು. ತರಕಾರಿ ಹುಳಿಯಲ್ಲಿ ಕ್ರಮ ಬೇರೆ: ತರಕಾರಿ ಮೆತ್ತಗಾದ ಮೇಲೆಯೇ ಹುಣಸೆ. ಹುಳಿಯಲ್ಲಿ ತರಕಾರಿ ಬೇಗ ಬೇಯುವುದಿಲ್ಲ, ಬೇಳೆಯೂ ಅಷ್ಟೆ. ನಿಂಬೆರಸವಾದರೆ ಒಲೆ ಆರಿಸಿದ ಮೇಲೆ. ಕುದಿಸಿದರೆ ಕಹಿ ಬರುತ್ತದೆ.

ಒಗ್ಗರಣೆಯಲ್ಲಿ ಸಾಸಿವೆ ಪೂರ್ತಿ ಸಿಡಿಯಲಿ, ಅರೆಬರೆ ಸಿಡಿದದ್ದು ಕಹಿ. ಆಮೇಲೆ ಒಣಮೆಣಸಿನಕಾಯಿ, ಉರಿ ಆರಿಸಿ ಇಂಗು, ಕರಿಬೇವು. ಇವುಗಳ ಪರಿಮಳ ನೀರಿಗಿಂತ ಎಣ್ಣೆ, ತುಪ್ಪಕ್ಕೆ ಚೆನ್ನಾಗಿ ಇಳಿಯುತ್ತದೆ.

ಪ್ರಶ್ನೆ: ಬೆಂಡೆಕಾಯಿ ಪಲ್ಯ ಯಾಕೆ ಲೋಳೆಯಾಗುತ್ತದೆ?
– ಓದುಗರು, ಹಾಸನ

ಉತ್ತರ: ನೀರು ಸೋಕಿದ್ದರಿಂದ. ತೊಳೆದು, ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಹೆಚ್ಚಿ. ಅಗಲ ಬಾಣಲೆಯಲ್ಲಿ ಒಂದೇ ಪದರವಾಗಿ ಹರಡಿ, ಮುಚ್ಚಳ ಹಾಕಬೇಡಿ. ಉಪ್ಪು ನೀರು ಬಿಡಿಸುತ್ತದೆ, ಅದಕ್ಕೇ ಅದು ಕೊನೆಗೆ. ಒಂದು ಚಮಚ ಹುಣಸೆರಸ ಅಥವಾ ಹುಳಿ ಮಜ್ಜಿಗೆ ಲೋಳೆಯನ್ನು ಕಡಿಯುತ್ತದೆ.

ಪ್ರಶ್ನೆ: ಮಜ್ಜಿಗೆ ಹುಳಿ ಪದೇ ಪದೇ ಒಡೆಯುತ್ತದೆ. ಖಾರ ಹೆಚ್ಚಾದಾಗ ನೀರು ಬೆರೆಸಿದರೂ ಸರಿಹೋಗುವುದಿಲ್ಲ.
– ಓದುಗರು, ದುಬೈ

ಉತ್ತರ: ಫ್ರಿಜ್ಜಿನಿಂದ ತೆಗೆದ ಮೊಸರನ್ನು ಹಾಗೇ ಸುರಿಯಬೇಡಿ. ಹೊರಗಿಟ್ಟು ತಣ್ಣಗಿನದು ಹೋದ ಮೇಲೆ ಕಡೆದು, ಸಣ್ಣ ಉರಿಯಲ್ಲಿ ಬೆರೆಸಿ, ಕೈಯಾಡಿಸುತ್ತಾ ಇರಿ. ಅಂಚಿನಲ್ಲಿ ನೊರೆ ಎದ್ದ ಕೂಡಲೇ ಇಳಿಸಿ. ಕಾಯಿಯ ಜೊತೆ ಎರಡು ಚಮಚ ನೆನೆಸಿದ ಕಡಲೆಬೇಳೆ ರುಬ್ಬಿ ಹಾಕಿದರೆ ಅದರ ಹಿಟ್ಟು ಮೊಸರನ್ನು ಒಡೆಯಲು ಬಿಡುವುದಿಲ್ಲ. ಇನ್ನು ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವಂಥದ್ದಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಅರ್ಧ ಹಿಡಿ ಕಾಯಿ ರುಬ್ಬಿ ಸೇರಿಸಿ, ಬಡಿಸುವಾಗ ಒಂದು ಚಮಚ ತುಪ್ಪ ಹಾಕಿ.